ಶಾಲೆಯ ಗಡಿ ಬದಲಾದಾಗ: ಹೋವರ್ಡ್ ಕೌಂಟಿಯ ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇರಿಲ್ಯಾಂಡ್‌ನ ಹೋವರ್ಡ್ ಕೌಂಟಿಗೆ, ಅಂದರೆ ಎಲಿಕಾಟ್ ಸಿಟಿ, ಕೊಲಂಬಿಯಾ, ಕ್ಲಾರ್ಕ್ಸ್‌ವಿಲ್ ಕಡೆಗೆ ಹೊಸದಾಗಿ ಬಂದ ಕನ್ನಡದವರು ಸಿಕ್ಕಾಗಲೆಲ್ಲ ಮಾತು ಕೊನೆಗೆ ಶಾಲೆಗೇ ಬಂದು ನಿಲ್ಲುತ್ತದೆ. ಗಡಿ ಬದಲಾಗುತ್ತಂತೆ, ನಮ್ಮ ಬೀದಿ ಬೇರೆ ಶಾಲೆಗೆ ಹೋಗುತ್ತಂತೆ, ನಿಜವಾ? ಕೇಳಿದವರಿಗೆಲ್ಲ ಬಾಯಲ್ಲಿ ಹೇಳುತ್ತಾ ಬಂದಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಮಾಹಿತಿ ಜೊತೆ ನನ್ನ ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಟ್ಟಿಲ್ಲ.

ಈ ರೀಡಿಸ್ಟ್ರಿಕ್ಟಿಂಗ್ ಅಂದ್ರೆ ಏನು?

ಇಲ್ಲಿ ಸರ್ಕಾರಿ ಶಾಲೆಗೆ ಅರ್ಜಿ ಹಾಕಿ ಸೀಟು ತಗೊಳ್ಳುವ ಪದ್ಧತಿ ಇಲ್ಲ. ಮನೆ ವಿಳಾಸ ಯಾವುದೋ ಅದರ ಮೇಲೆ ಶಾಲೆ ನಿರ್ಧಾರವಾಗುತ್ತದೆ. ಎಲಿಮೆಂಟರಿ, ಮಿಡ್ಲ್, ಹೈಸ್ಕೂಲ್ ಮೂರಕ್ಕೂ ಬೇರೆ ಬೇರೆ ಗಡಿ. ಆ ಗಡಿಗಳನ್ನು ಮತ್ತೆ ಎಳೆಯುವುದೇ ರೀಡಿಸ್ಟ್ರಿಕ್ಟಿಂಗ್. ನಮ್ಮಲ್ಲಿ ವಿಧಾನಸಭಾ ಕ್ಷೇತ್ರ ಮರುವಿಂಗಡಣೆ ಆಗುತ್ತಲ್ಲ, ಹಾಗೇ. ಮನೆ ಇದ್ದಲ್ಲೇ ಇರುತ್ತದೆ, ಅದು ಯಾವುದಕ್ಕೆ ಸೇರಿದ್ದು ಅನ್ನೋದು ಬದಲಾಗುತ್ತದೆ.

ತೀರ್ಮಾನ ಮಾಡೋದು ಯಾರು?

ಕೌಂಟಿಯ ಬೋರ್ಡ್ ಆಫ್ ಎಜುಕೇಷನ್. ಏಳು ಜನ ಚುನಾಯಿತ ಸದಸ್ಯರು, ಜೊತೆಗೆ ಒಬ್ಬ ವಿದ್ಯಾರ್ಥಿ ಸದಸ್ಯ. ಶಾಲಾ ವ್ಯವಸ್ಥೆ ನಡೆಸುವ ಮುಖ್ಯ ಅಧಿಕಾರಿ, ಅಂದರೆ ಸೂಪರಿಂಟೆಂಡೆಂಟ್, ಒಂದು ಯೋಜನೆ ಮುಂದಿಡುತ್ತಾರೆ, ಬೋರ್ಡ್ ಅದನ್ನು ಒಪ್ಪಬಹುದು, ತಿದ್ದಬಹುದು, ಪೂರ್ತಿ ಬದಲಿಸಲೂಬಹುದು. ವಿದ್ಯಾರ್ಥಿ ಸದಸ್ಯನಿಗೆ ಬೇರೆ ಎಷ್ಟೋ ವಿಷಯದಲ್ಲಿ ಮತ ಇದೆ. ಆದರೆ ಗಡಿ ವಿಷಯದಲ್ಲಿ ಮಾತ್ರ ಇಲ್ಲ. ಅತಿ ಹೆಚ್ಚು ಪರಿಣಾಮ ಆಗೋದು ಮಕ್ಕಳ ಮೇಲೆ, ಅವರ ಪ್ರತಿನಿಧಿಗೇ ಮತ ಇಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಕೌಂಟಿಯ ನಕ್ಷೆಯನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿದ್ದಾರೆ. ಅದಕ್ಕೆ ಪಾಲಿಗನ್ ಅನ್ನುತ್ತಾರೆ, ಪ್ರತಿಯೊಂದಕ್ಕೂ ಒಂದು ನಂಬರ್ ಇದೆ. ಚರ್ಚೆ ನಡೆಯುವುದೆಲ್ಲ ಈ ನಂಬರ್‌ಗಳಲ್ಲೇ. ನಿಮ್ಮ ಬೀದಿಯ ಹೆಸರು ಹೇಳಿದರೆ ಯಾರಿಗೂ ಗೊತ್ತಾಗದಿರಬಹುದು, ಪಾಲಿಗನ್ ನಂಬರ್ ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲು ಅದನ್ನು ಹುಡುಕಿ ಬರೆದಿಟ್ಟುಕೊಳ್ಳಿ.

ಗಡಿ ಯಾಕೆ ಮತ್ತೆ ಮತ್ತೆ ಬದಲಾಗುತ್ತೆ? ಒಂದ್ಸಲ ಸರಿಯಾಗಿ ಮಾಡಿ ಬಿಡಬಾರದಾ?

ಮನೆಗಳು ಒಂದು ಕಡೆ ಕಟ್ಟುತ್ತಾ ಹೋಗುತ್ತಾರೆ, ಶಾಲೆಯಲ್ಲಿ ಜಾಗ ಇನ್ನೊಂದು ಕಡೆ ಇರುತ್ತದೆ. ಕಾರಣ ಇಷ್ಟೇ. ಇಲ್ಲಿನ ನಿಯಮದ ಪ್ರಕಾರ ಒಂದು ಶಾಲೆ ತನ್ನ ಸಾಮರ್ಥ್ಯದ 90ರಿಂದ 110 ಶೇಕಡಾ ಒಳಗೆ ತುಂಬಿರಬೇಕು. ಅದು ಮೀರಿದರೆ ಆಟದ ಮೈದಾನದಲ್ಲಿ ತಗಡಿನ ಪೋರ್ಟಬಲ್ ಕ್ಲಾಸ್‌ರೂಮ್ ಬರುತ್ತದೆ, ಊಟದ ಪಾಳಿ ಬೆಳಗ್ಗೆ ಹತ್ತೂವರೆಗೇ ಶುರು ಮಾಡಬೇಕಾಗುತ್ತದೆ. ಶಾಲೆ ತುಂಬಿದ ಕಡೆ ಹೊಸ ಮನೆಗಳಿಗೆ ತಡೆ ಹಾಕುವ ಕಾನೂನೂ ಕೌಂಟಿಯಲ್ಲಿದೆ, 2018ರಲ್ಲಿ ಅದನ್ನು ಬಿಗಿ ಮಾಡಿದರು. ಆದರೆ ಹಳೇ ಮನೆಗಳಿಗೂ ಚಿಕ್ಕ ಮಕ್ಕಳಿರುವ ಕುಟುಂಬಗಳು ಬರುತ್ತಲೇ ಇರುತ್ತವೆ, ಅದನ್ನು ಯಾವ ಕಾನೂನೂ ತಡೆಯುವುದಿಲ್ಲ, ತಡೆಯಲೂಬಾರದು.

ಹೊಸ ಶಾಲೆ ಕಟ್ಟಿದರೆ ಸಾಕಲ್ಲ ಅಂತ ಹಲವರು ಕೇಳುತ್ತಾರೆ. ಹೊಸ ಶಾಲೆ ಕಟ್ಟಿದರೂ ಗಡಿ ಎಳೆಯಲೇಬೇಕು, ಅದಕ್ಕೆ ಮಕ್ಕಳು ಎಲ್ಲಿಂದಾದರೂ ಬರಬೇಕಲ್ಲ! ಜೆಸಪ್‌ನಲ್ಲಿ ಕೌಂಟಿಯ 13ನೇ ಹೈಸ್ಕೂಲ್ ಗಿಲ್‌ಫರ್ಡ್ ಪಾರ್ಕ್ 2023ರಲ್ಲಿ ತೆರೆಯಿತು. ಅದಕ್ಕಾಗಿ 2022ರಲ್ಲಿ ಮತ್ತೆ ಗಡಿ ಬದಲಾಯಿತು.

2019ರಲ್ಲಿ ದೊಡ್ಡ ಗಲಾಟೆ ಆಯ್ತು ಅಂತಾರಲ್ಲ, ಏನದು?

ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇವತ್ತಿಗೂ ಇಲ್ಲಿ ಜನ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾರೆ ಅಂದರೆ ಅದಕ್ಕೆ ಆ ವರ್ಷವೂ ಒಂದು ಕಾರಣ.

2019ರ ಆಗಸ್ಟ್‌ನಲ್ಲಿ ಆಗಿನ ಸೂಪರಿಂಟೆಂಡೆಂಟ್ ಮೈಕಲ್ ಮಾರ್ಟಿರಾನೊ ಒಂದು ಯೋಜನೆ ಕೊಟ್ಟರು. ಸುಮಾರು 7,400 ಮಕ್ಕಳ ಶಾಲೆ ಬದಲಾಗಬೇಕಿತ್ತು. ಉದ್ದೇಶ ಎರಡಿತ್ತು. ಒಂದು, ತುಂಬಿ ತುಳುಕುತ್ತಿದ್ದ ಶಾಲೆಗಳ ಹೊರೆ ಇಳಿಸೋದು. ಇನ್ನೊಂದು, ಬಡ ಮಕ್ಕಳೆಲ್ಲ ಕೆಲವೇ ಶಾಲೆಗಳಲ್ಲಿ ಸೇರಿಕೊಳ್ಳದ ಹಾಗೆ ನೋಡಿಕೊಳ್ಳೋದು. ಆ ಹೊತ್ತಿಗೇ ಕೌಂಟಿ ಕೌನ್ಸಿಲ್‌ನ ಕೆಲವು ಸದಸ್ಯರೂ ಶಾಲೆಗಳಲ್ಲಿ ಎಲ್ಲ ವರ್ಗದ ಮಕ್ಕಳೂ ಬೆರೆಯುವಂಥ ಯೋಜನೆ ಬೇಕು ಅಂತ ಒಂದು ಗೊತ್ತುವಳಿ ತಂದರು.

ಅಲ್ಲಿಂದ ಬೆಂಕಿ ಹತ್ತಿತು. ಬೋರ್ಡ್ ಜನರ ಅಭಿಪ್ರಾಯ ಕೇಳುವ ಸಭೆಗಳಲ್ಲಿ, ಅಂದರೆ ಹಿಯರಿಂಗ್‌ಗಳಲ್ಲಿ, ನೂರಾರು ಜನ ಮಾತಾಡಿದರು, ಬರಹದಲ್ಲಿ ಬಂದ ಅಭಿಪ್ರಾಯಗಳು ಇನ್ನೂ ಜಾಸ್ತಿ. ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು, ಫಲಕ ಹಿಡಿದು ಮೆರವಣಿಗೆ ಮಾಡಿದರು. ವಿರೋಧಿಸಿದವರಲ್ಲಿ ಬಿಳಿಯರಷ್ಟೇ ಅಲ್ಲ, ಏಷ್ಯಾ ಮೂಲದ ಪೋಷಕರೂ ತುಂಬಾ ಜನ ಇದ್ದರು. ಕಪ್ಪು ಮಕ್ಕಳ ಬಗ್ಗೆ ತೀರಾ ಕೆಟ್ಟದಾಗಿ ಬರೆದ ಪತ್ರಗಳೂ ಬಂದವು. ಸಭ್ಯವಾಗಿರಿ ಅಂತ ಕಾರುಗಳ ಹಿಂದೆ ಸ್ಟಿಕ್ಕರ್ ಅಂಟಿಸಿಕೊಳ್ಳುವ ಕೌಂಟಿ ಇದು. ಅದಕ್ಕೇ ದೇಶದ ದೊಡ್ಡ ಪತ್ರಿಕೆಗಳು ಕೂಡ ಬಂದು ನೋಡಿ ಬರೆದವು.

ನವೆಂಬರ್ 21ರ ರಾತ್ರಿ ಬೋರ್ಡ್ ಮತ ಹಾಕಿತು. ಕೊನೆಗೆ ಸುಮಾರು 5,400 ಮಕ್ಕಳ ಶಾಲೆ ಬದಲಾಯಿತು.

ಆಮೇಲೆ ಆಗಿದ್ದನ್ನು ಯಾರೂ ಊಹಿಸಿರಲಿಲ್ಲ. ಹೊಸ ಗಡಿ ಜಾರಿಗೆ ಬರಬೇಕಿದ್ದು 2020ರ ಶಾಲಾ ವರ್ಷದಲ್ಲಿ. ಅಷ್ಟರಲ್ಲಿ ಕೋವಿಡ್ ಬಂತು. ಹೊಸ ಶಾಲೆಗೆ ಹೋಗಬೇಕಿದ್ದ ಮಕ್ಕಳು ಮೊದಲ ದಿನ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತರು. ಹಳೇ ಶಾಲೆಗೆ ಸರಿಯಾಗಿ ವಿದಾಯ ಹೇಳಿರಲಿಲ್ಲ, ಹೊಸ ಶಾಲೆಯ ಬಾಗಿಲನ್ನೂ ನೋಡಿರಲಿಲ್ಲ. ಈ ವಾದ ಪ್ರತಿವಾದದಲ್ಲಿ ನನಗೆ ಅತಿ ಹೆಚ್ಚು ಸಂಕಟ ಆಗೋದು ಆ ಮಕ್ಕಳನ್ನು ನೆನೆಸಿಕೊಂಡಾಗಲೇ.

ರಿವರ್ ಹಿಲ್ ಹೈಸ್ಕೂಲಲ್ಲಿ ಜಾಗ ಇತ್ತಲ್ಲ? ಅಲ್ಲಿಂದ ಮಕ್ಕಳನ್ನ ಬೇರೆ ಕಡೆ ಯಾಕೆ ಕಳಿಸಬೇಕಿತ್ತು?

ವಿರೋಧಿಗಳ ಅತಿ ಗಟ್ಟಿ ಪ್ರಶ್ನೆ ಇದೇ, ಇದನ್ನು ತಳ್ಳಿಹಾಕಬಾರದು. ಹೋವರ್ಡ್ ಹೈಸ್ಕೂಲ್ ಅತಿಯಾಗಿ ತುಂಬಿತ್ತು, ಅಲ್ಲಿಂದ ಮಕ್ಕಳನ್ನು ಕಳಿಸೋದು ಎಲ್ಲರಿಗೂ ಅರ್ಥವಾಗುತ್ತದೆ. ರಿವರ್ ಹಿಲ್ ಹಾಗಿರಲಿಲ್ಲ. ಕ್ಲಾರ್ಕ್ಸ್‌ವಿಲ್ ಕಡೆಯ ಈ ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟ ಪಡೆಯುವ, ಅಂದರೆ ಆದಾಯ ಕಮ್ಮಿ ಇರುವ ಮನೆಯ ಮಕ್ಕಳು ತೀರಾ ಕಮ್ಮಿ. ಅಲ್ಲಿಂದ ಕೆಲವೇ ಮೈಲಿ ದೂರದ ವೈಲ್ಡ್ ಲೇಕ್ ಹೈಸ್ಕೂಲಲ್ಲಿ ಅಂಥ ಮಕ್ಕಳು ತುಂಬಾ ಜಾಸ್ತಿ. ಇವೆರಡರ ಮಧ್ಯೆ ಮಕ್ಕಳನ್ನು ಅದಲುಬದಲು ಮಾಡುವುದು ಜಾಗಕ್ಕಾಗಿ ಅಲ್ಲ, ಸಮತೋಲನಕ್ಕಾಗಿ. ಅಧಿಕಾರಿಗಳು ಇದನ್ನು ಮೊದಲೇ ನೇರವಾಗಿ, ಬಿಡಿಸಿ ಹೇಳಿ ಜನರ ಜೊತೆ ಕೂತು ಮಾತಾಡಬೇಕಿತ್ತು. ಜಾಗದ ಲೆಕ್ಕವನ್ನೂ ಸಮತೋಲನದ ಲೆಕ್ಕವನ್ನೂ ಒಟ್ಟಿಗೆ ಬೆರೆಸಿದ್ದರಿಂದ ಜನರಿಗೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಉದ್ದೇಶ ಸರಿಯಿತ್ತು, ಹೇಳಿದ ರೀತಿ ಸರಿಯಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಈ ಶಾಲೆಗೋಸ್ಕರಾನೇ ಜಾಸ್ತಿ ದುಡ್ಡು ಕೊಟ್ಟು ಮನೆ ತಗೊಂಡ್ವಿ. ಇದು ನಮಗೆ ಮೋಸ ಅಲ್ವಾ?

ನಿಮ್ಮ ನೋವು ಅರ್ಥವಾಗುತ್ತದೆ. ಮೂವತ್ತು ವರ್ಷದ ಸಾಲ ತಲೆ ಮೇಲೆ ಹೊತ್ತುಕೊಂಡು, ಆಫೀಸು ದೂರವಾದರೂ ಪರವಾಗಿಲ್ಲ ಮಕ್ಕಳ ಶಾಲೆ ಚೆನ್ನಾಗಿರಲಿ ಅಂತ ಮನೆ ಮಾಡಿದವರು ನಾವೆಲ್ಲ. ಆದರೆ ಕೊಂಡುಕೊಂಡಿದ್ದು ಮನೆ, ಶಾಲೆ ಅಲ್ಲ. ಇಂಥದ್ದೇ ಶಾಲೆ ಬೇಕು ಅನ್ನೋ ಹಕ್ಕು ಯಾರಿಗೂ ಇಲ್ಲ ಅಂತ ಮೇರಿಲ್ಯಾಂಡ್ ನ್ಯಾಯಾಲಯ 1967ರಲ್ಲೇ ಹೇಳಿದೆ. ರಿಯಲ್ ಎಸ್ಟೇಟ್ ಏಜೆಂಟ್ ಬಾಯಲ್ಲಿ ಎಷ್ಟೇ ಭರವಸೆ ಕೊಟ್ಟಿರಲಿ, ಅದಕ್ಕೆ ಬೆಲೆ ಇಲ್ಲ.

ಇನ್ನೊಂದು ವಿಷಯ ಗಮನಿಸಿ. ನ್ಯೂಜೆರ್ಸಿಯಲ್ಲಿ ಒಂದೊಂದು ಟೌನ್‌ಗೂ ಒಂದೊಂದು ಶಾಲಾ ವ್ಯವಸ್ಥೆ, ಹಾಗಾಗಿ ಶ್ರೀಮಂತ ಟೌನ್‌ನ ತೆರಿಗೆ ಬಹುಪಾಲು ಅಲ್ಲಿಯ ಶಾಲೆಗೇ ಹೋಗುತ್ತದೆ. ಮೇರಿಲ್ಯಾಂಡ್ ಹಾಗಲ್ಲ. ಇಡೀ ರಾಜ್ಯಕ್ಕೆ ಇರೋದು 24 ಶಾಲಾ ವ್ಯವಸ್ಥೆಗಳು, ಕೌಂಟಿಗೆ ಒಂದು, ಬಾಲ್ಟಿಮೋರ್ ನಗರಕ್ಕೆ ಒಂದು. ಹೋವರ್ಡ್ ಕೌಂಟಿಯಲ್ಲಿ ವೈಲ್ಡ್ ಲೇಕ್ ಪಕ್ಕದವರೂ ರಿವರ್ ಹಿಲ್ ಪಕ್ಕದವರೂ ಶಾಲೆಗೆ ಕೊಡೋದು ಒಂದೇ ಖಜಾನೆಗೆ. ಶಿಕ್ಷಕರ ಸಂಬಳದ ಪಟ್ಟಿ ಒಂದೇ, ಪಠ್ಯಕ್ರಮ ಒಂದೇ. ಅಂದಮೇಲೆ ಒಂದು ಶಾಲೆ ನಮ್ಮದು, ಇನ್ನೊಂದು ಅವರದು ಅನ್ನೋ ಮಾತು ನಿಲ್ಲೋದಿಲ್ಲ. ಎಲ್ಲ ಶಾಲೆಗಳೂ ಎಲ್ಲರ ದುಡ್ಡಿನಲ್ಲೇ ನಡೆಯುತ್ತಿವೆ.

ಮನೆ ಬೆಲೆ ಬೀಳುತ್ತಾ?

ಶಾಲೆಗೂ ಮನೆ ಬೆಲೆಗೂ ಸಂಬಂಧ ಇದೆ, ಇಲ್ಲ ಅನ್ನೋದು ಸುಳ್ಳು. ಸ್ಯಾಂಡ್ರಾ ಬ್ಲ್ಯಾಕ್ ಅನ್ನುವ ಅರ್ಥಶಾಸ್ತ್ರಜ್ಞೆ ಬಾಸ್ಟನ್ ಸುತ್ತಮುತ್ತ ಶಾಲಾ ಗಡಿಯ ಎರಡೂ ಬದಿಯ ಮನೆಗಳನ್ನು ಹೋಲಿಸಿ 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಯ ಅಂಕ 5 ಶೇಕಡಾ ಜಾಸ್ತಿ ಇದ್ದರೆ ಪೋಷಕರು ಮನೆಗೆ ಸುಮಾರು 2.5 ಶೇಕಡಾ ಜಾಸ್ತಿ ಕೊಡಲು ಸಿದ್ಧರಿದ್ದರು. ಅಂದರೆ ವ್ಯತ್ಯಾಸ ಇದೆ, ಆದರೆ ಜನ ಭಯಪಡುವಷ್ಟು ದೊಡ್ಡದಲ್ಲ. ಒಂದು ಸಲಹೆ: ಹಿಯರಿಂಗ್‌ನಲ್ಲಿ ಮನೆ ಬೆಲೆಯ ಮಾತು ಎತ್ತಲೇಬೇಡಿ. ಗಡಿ ಎಳೆಯುವ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ಎತ್ತಿದರೆ ನಿಮ್ಮ ಬೇರೆ ನ್ಯಾಯವಾದ ಮಾತುಗಳ ತೂಕವೂ ಇಳಿಯುತ್ತದೆ.

ಬಡ ಮಕ್ಕಳು ಜಾಸ್ತಿ ಇರೋ ಶಾಲೆಗೆ ಹೋದ್ರೆ ನಮ್ಮ ಮಗುವಿನ ಓದು ಹಾಳಾಗಲ್ವಾ?

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ, ಬಾಯಿಬಿಟ್ಟು ಕೇಳುವವರು ಕಮ್ಮಿ. ಕೇಳಿದ್ದು ಒಳ್ಳೆಯದೇ.

ಶಾಲೆಗಳಿಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ವೆಬ್‌ಸೈಟಿನಲ್ಲಿ ಹತ್ತಕ್ಕೆ ನಾಲ್ಕು ಅಂತ ಕಂಡ ತಕ್ಷಣ ನಾವು ಆ ಶಾಲೆಯ ಶಿಕ್ಷಕರು ಕೆಟ್ಟವರು ಅಂದುಕೊಳ್ಳುತ್ತೇವೆ. ಪರೀಕ್ಷೆಯ ಅಂಕದಲ್ಲಿ ಕಾಣಿಸುವುದು ಬಹುಮಟ್ಟಿಗೆ ಮನೆಯ ಪರಿಸ್ಥಿತಿ. ಅಪ್ಪ ಅಮ್ಮ ಇಬ್ಬರೂ ಓದಿದವರಾಗಿ, ರಾತ್ರಿ ಊಟದ ಮೇಜಿನಲ್ಲೇ ಲೆಕ್ಕ ಹೇಳಿಕೊಡುವ ಮನೆಯ ಮಗು ಶಾಲೆ ಬದಲಾದ ಮಾತ್ರಕ್ಕೆ ಓದು ಮರೆಯುವುದಿಲ್ಲ.

ಇನ್ನೊಂದು ಕಡೆಯಿಂದ ನೋಡಿ. ಪಕ್ಕದ ಮಾಂಟ್‌ಗಮರಿ ಕೌಂಟಿಯಲ್ಲಿ ಸರ್ಕಾರಿ ವಸತಿಯ ಮನೆಗಳನ್ನು ಲಾಟರಿ ಥರ ಹಂಚುತ್ತಾರೆ, ಹಾಗಾಗಿ ಬಡ ಮಕ್ಕಳು ಬೇರೆ ಬೇರೆ ರೀತಿಯ ಶಾಲೆಗಳಿಗೆ ಹೋಗಿ ಸೇರಿದರು. ಹೆದರ್ ಶ್ವಾರ್ಟ್ಜ್ ಅನ್ನುವ ಸಂಶೋಧಕಿ ಅದನ್ನು ಅಧ್ಯಯನ ಮಾಡಿ 2010ರಲ್ಲಿ ವರದಿ ಕೊಟ್ಟರು. ಬಡತನ ಕಮ್ಮಿ ಇರುವ ಶಾಲೆಗೆ ಸೇರಿದ ಬಡ ಮಕ್ಕಳಿಗೂ ಅನುಕೂಲಸ್ಥ ಮಕ್ಕಳಿಗೂ ಗಣಿತದಲ್ಲಿ ಇದ್ದ ಅಂತರ ಎಲಿಮೆಂಟರಿ ಮುಗಿಯುವ ಹೊತ್ತಿಗೆ ಅರ್ಧಕ್ಕೆ ಇಳಿದಿತ್ತು. ಅಪ್ಪ ಎರಡೆರಡು ಕೆಲಸ ಮಾಡುವ ಮನೆಯ ಒಂದು ಮಗುವಿಗೆ ಬರೀ ಪಕ್ಕದಲ್ಲಿ ಕೂತವರಿಂದ, ಸೇರಿದ ಶಾಲೆಯಿಂದ ಇಷ್ಟು ಸಿಗುತ್ತದೆ ಅನ್ನುವುದಾದರೆ ಅದನ್ನು ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನ್ಯಾಯವಾದ ಚಿಂತೆಯೂ ಒಂದಿದೆ. ಸೇರುವ ಮಕ್ಕಳು ಕಮ್ಮಿಯಾದರೆ ಕೆಲವು ಎಪಿ ತರಗತಿಗಳು (ಹೈಸ್ಕೂಲಲ್ಲೇ ಕಲಿಸುವ ಕಾಲೇಜು ಮಟ್ಟದ ಪಾಠಗಳು) ಆ ವರ್ಷ ನಡೆಯದೇ ಹೋಗಬಹುದು. ಅದನ್ನು ಬೋರ್ಡ್ ಮುಂದೆ ಖಂಡಿತ ಕೇಳಿ. ಎಷ್ಟೇ ಮಕ್ಕಳಿದ್ದರೂ ಭೌತಶಾಸ್ತ್ರದ ಎಪಿ ನಡೆಸುತ್ತೀರಾ, ಇಲ್ಲವಾದರೆ ಬೇರೆ ವ್ಯವಸ್ಥೆ ಏನು ಅಂತ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಮಕ್ಕಳನ್ನ ಜನಾಂಗ ನೋಡಿ ಹಂಚೋದು ಕಾನೂನಿಗೆ ವಿರುದ್ಧ ಅಲ್ವಾ?

ಒಂದೊಂದೇ ಮಗುವಿನ ಜನಾಂಗ ನೋಡಿ ಶಾಲೆ ಕೊಡುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪು ಕೊಟ್ಟಿದೆ. ಹೋವರ್ಡ್ ಕೌಂಟಿ ನೋಡಿದ್ದು ಆದಾಯ, ಅಂದರೆ ಉಚಿತ ಮತ್ತು ರಿಯಾಯಿತಿ ಊಟದ ಲೆಕ್ಕ. ಅದಕ್ಕೆ ಆ ತೀರ್ಪು ಅಡ್ಡಿ ಬರುವುದಿಲ್ಲ.

ನಾವು ವಲಸೆ ಬಂದವರು. ಇವರ ಹಳೇ ಜಗಳಕ್ಕೂ ನಮಗೂ ಏನು ಸಂಬಂಧ?

ಈ ಮಾತನ್ನು ನಮ್ಮವರ ಬಾಯಲ್ಲಿ ತುಂಬಾ ಸಲ ಕೇಳಿದ್ದೇನೆ. ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ. ಹೋವರ್ಡ್ ಕೌಂಟಿ ಅದನ್ನು ಪೂರ್ತಿ ಜಾರಿ ಮಾಡಿದ್ದು 1965ರಲ್ಲಿ, ಹನ್ನೊಂದು ವರ್ಷ ಬಿಟ್ಟು. ಅಲ್ಲಿಯವರೆಗೆ ಕೌಂಟಿಯ ಕಪ್ಪು ಮಕ್ಕಳಿಗೆ ಇದ್ದ ಹೈಸ್ಕೂಲ್ ಹ್ಯಾರಿಯೆಟ್ ಟಬ್‌ಮನ್ ಶಾಲೆ. ಆ ಕಟ್ಟಡ ಇವತ್ತೂ ಕೊಲಂಬಿಯಾದಲ್ಲಿದೆ, ಸಾಂಸ್ಕೃತಿಕ ಕೇಂದ್ರವಾಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

1967ರಲ್ಲಿ ಜೇಮ್ಸ್ ರೌಸ್ ಕೊಲಂಬಿಯಾ ಊರನ್ನು ಶುರು ಮಾಡಿದಾಗ ಅವರ ಆಸೆ, ಯಾವ ಬಣ್ಣದವರಾದರೂ, ಎಷ್ಟೇ ಸಂಬಳದವರಾದರೂ ಒಂದೇ ಊರಿನಲ್ಲಿ ಇರಲಿ ಅನ್ನೋದು. ನಮ್ಮಂಥ ಕಂದು ಬಣ್ಣದವರು ಇಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮನೆ ಮಾಡಿಕೊಂಡು ಇದ್ದೇವೆ ಅಂದರೆ ಅದರ ಹಿಂದೆ ಆ ಆಸೆಯೂ ಇದೆ, ಕಪ್ಪು ಜನರ ಹೋರಾಟವೂ ಇದೆ. ಅದರ ಫಲ ನಮಗೆ ಸಿಕ್ಕಿದೆ. ಜಗಳ ಮಾತ್ರ ಅವರದು ಅಂತ ಹೇಳೋದು ಹೇಗೆ?

ವೀಸಾದಲ್ಲಿದ್ದೇವೆ, ಬಾಡಿಗೆ ಮನೆ. ನಾವು ಮಾತಾಡಬಹುದಾ?

ಖಂಡಿತ ಮಾತಾಡಬಹುದು. ಬೋರ್ಡ್ ಚುನಾವಣೆಯಲ್ಲಿ ಮತ ಹಾಕಲು ಪೌರತ್ವ ಬೇಕು. ಹಿಯರಿಂಗ್‌ನಲ್ಲಿ ಮಾತಾಡಲು, ಪತ್ರ ಬರೆಯಲು ಬೇಡ. ನಿಜ ಹೇಳಬೇಕಂದರೆ ಬಾಡಿಗೆಯವರ ದನಿಯೇ ಅಲ್ಲಿ ತೀರಾ ಕಮ್ಮಿ. ಅಪಾರ್ಟ್‌ಮೆಂಟ್‌ಗಳಿರುವ ಪಾಲಿಗನ್‌ಗಳನ್ನು ಸರಿಸುವುದು ಸುಲಭ, ಯಾಕೆಂದರೆ ಅಲ್ಲಿಂದ ಬಂದು ಕೂಗುವವರಿಲ್ಲ. ನೀವು ಹೋಗಿ.

ಅಣ್ಣ ಒಂದು ಶಾಲೆ, ತಂಗಿ ಇನ್ನೊಂದು ಶಾಲೆ ಆಗುತ್ತಾ?

ಆಗಬಹುದು. ಹೈಸ್ಕೂಲಿನ ಕೊನೆಯ ವರ್ಷಗಳಲ್ಲಿ ಇರುವವರಿಗೆ ಹಳೇ ಶಾಲೆಯಲ್ಲೇ ಮುಗಿಸಲು ಸಾಮಾನ್ಯವಾಗಿ ಅವಕಾಶ ಕೊಡುತ್ತಾರೆ. ತಂಗಿಗೂ ಅದೇ ವಿನಾಯಿತಿ ಸಿಗುತ್ತದೆ ಅನ್ನೋ ಖಾತ್ರಿ ಇಲ್ಲ. ವಿನಾಯಿತಿ ಸಿಕ್ಕಿದವರಿಗೂ ಬಸ್ ಇರುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಚಿಕ್ಕ ವಿಷಯ ಅಲ್ಲ.

ಪರಿಚಯದವರ ವಿಳಾಸ ಕೊಟ್ಟು ಹಳೇ ಶಾಲೆಯಲ್ಲೇ ಇರಿಸಬಹುದಾ?

ಬೇಡ. ಸಿಕ್ಕಿಬಿದ್ದರೆ ವರ್ಷದ ಮಧ್ಯೆ ಮಗುವನ್ನು ಆಚೆ ಹಾಕುತ್ತಾರೆ, ವಿಳಾಸ ಕೊಟ್ಟವರಿಗೂ ತೊಂದರೆ. ದಿನಾ ಬೆಳಗ್ಗೆ ಸುಳ್ಳು ಹೇಳು ಅಂತ ಮಗುವಿಗೆ ಕಲಿಸಿದ ಹಾಗೂ ಆಗುತ್ತದೆ.

ಊರಲ್ಲಿರೋ ಅತ್ತೆ ಮಾವನಿಗೆ ಇದನ್ನ ಹೇಗೆ ಅರ್ಥ ಮಾಡಿಸೋದು?

ಅವರು ಫೋನಿನಲ್ಲಿ ಕೇಳುವುದು ಒಂದೇ. ದುಡ್ಡು ಕಟ್ಟಿ ಒಳ್ಳೇ ಸ್ಕೂಲಿಗೆ ಸೇರಿಸಬಾರದೇನಪ್ಪಾ? ಬೆಂಗಳೂರಿನಲ್ಲಿ ಡೊನೇಷನ್ ಕಟ್ಟಿ, ಹಳದಿ ವ್ಯಾನಿನಲ್ಲಿ ಊರಾಚೆಯ ಶಾಲೆಗೆ ಮಗುವನ್ನು ಕಳಿಸುವುದು ಅಭ್ಯಾಸವಾಗಿಬಿಟ್ಟಿದೆ. ಅಲ್ಲಿ ಶಾಲೆಯ ಗಡಿಯ ಬಗ್ಗೆ ಯಾರೂ ಜಗಳ ಆಡುವುದಿಲ್ಲ, ಯಾಕೆಂದರೆ ಗಡಿಯ ಕೆಲಸವನ್ನು ಫೀಸೇ ಮಾಡುತ್ತದೆ.

ಆದರೆ ವಿಷಯ ನಮ್ಮ ಕಡೆಗೂ ಪೂರ್ತಿ ಹೊಸದೇನಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಲ್ಲಿ 1ರಿಂದ 5ನೇ ತರಗತಿಗೆ ಒಂದು ಕಿಲೋಮೀಟರ್, 6ರಿಂದ 8ಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ ಇದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆರ್‌ಟಿಇ ಸೀಟು ಇಲ್ಲ ಅಂತ ಕರ್ನಾಟಕ ಸರ್ಕಾರ ನಿಯಮ ಬದಲಿಸಿದಾಗ ಪೋಷಕರು ಹೈಕೋರ್ಟಿಗೂ ಹೋದರು, 2019ರಲ್ಲಿ ಕೋರ್ಟ್ ಸರ್ಕಾರದ ನಿಯಮವನ್ನು ಎತ್ತಿಹಿಡಿಯಿತು. ನಿಮ್ಮ ಮನೆ ಎಲ್ಲಿದೆ ಅನ್ನೋದರ ಮೇಲೆ ಮಗುವಿಗೆ ಯಾವ ಬೆಂಚು ಅನ್ನೋದು ಅಲ್ಲೂ ನಿಂತಿದೆ. ಅತ್ತೆ ಮಾವನಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ.

ಕೋರ್ಟಿಗೆ ಹೋದ್ರೆ ಪ್ರಯೋಜನ ಇದೆಯಾ?

ರಾಜ್ಯದ ಶಿಕ್ಷಣ ಮಂಡಳಿಗೆ ಮೇಲ್ಮನವಿ ಹಾಕಬಹುದು. ಆದರೆ ತೀರ್ಮಾನ ಮನಸ್ಸಿಗೆ ಬಂದ ಹಾಗೆ, ಕಾರಣವೇ ಇಲ್ಲದೆ ಮಾಡಿದ್ದು ಅಥವಾ ಕಾನೂನಿಗೆ ವಿರುದ್ಧ ಅಂತ ನೀವು ತೋರಿಸಬೇಕು. ಇದಕ್ಕಿಂತ ಒಳ್ಳೇ ಗಡಿ ಇತ್ತು ಅಂತ ತೋರಿಸಿದರೆ ಸಾಲದು. ವಕೀಲರ ಫೀಸಿಗೆ ಚಂದಾ ಎತ್ತುವ ಮೊದಲು ಇದು ಗೊತ್ತಿರಲಿ.

ಮಗಳು ಅಳ್ತಾ ಇದ್ದಾಳೆ. ಫ್ರೆಂಡ್ಸ್ ಎಲ್ಲಾ ಇನ್ನೊಂದು ಶಾಲೆಗೆ.

ಈ ನೋವು ನಿಜವಾದದ್ದು, ಹೋಗ್ಲಿ ಬಿಡು ಅಂತ ಸುಮ್ನೆ ತಳ್ಳಿಬಿಡಬೇಡಿ. ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವ ಗುಂಪು ಆ ಹೊಸ ಶಾಲೆಯ ಮಕ್ಕಳಲ್ಲಿ 15 ಶೇಕಡಾಗಿಂತ ಚಿಕ್ಕದಾಗಿರಬಾರದು ಅನ್ನೋ ಗುರಿ ಬೋರ್ಡಿನ ನಿಯಮದಲ್ಲೇ ಇದೆ, ಯಾಕೆಂದರೆ ಬೆರಳೆಣಿಕೆಯ ಮಕ್ಕಳು ಹೊಸ ಕಡೆ ಒಂಟಿಯಾಗುತ್ತಾರೆ. ನಿಮ್ಮ ಪಾಲಿಗನ್‌ಗೆ ಹಾಗಾಗುತ್ತಿದ್ದರೆ ಅದೇ ನಿಮ್ಮ ಅತಿ ಬಲವಾದ ವಾದ. ಮನೆಯಲ್ಲಿ ಒಂದು ಎಚ್ಚರಿಕೆ ಇರಲಿ. ಮಕ್ಕಳ ಮುಂದೆ ಆ ಶಾಲೆಯನ್ನು ಬೈಯಬೇಡಿ, ಅಲ್ಲಿಯ ಮಕ್ಕಳನ್ನು ಬೈಯಬೇಡಿ. ಆರು ತಿಂಗಳು ಕಳೆದರೆ ಅವರೇ ನಿಮ್ಮ ಮಗಳ ಹುಟ್ಟುಹಬ್ಬಕ್ಕೆ ಮನೆಗೆ ಬರಬಹುದು.

ಹಿಯರಿಂಗ್‌ನಲ್ಲಿ ಏನು ಮಾತಾಡ್ಲಿ?

ಸಿಗುವುದು ಕೆಲವೇ ನಿಮಿಷ. ಬರೆದುಕೊಂಡು ಹೋಗಿ. ಪಾಲಿಗನ್ ನಂಬರ್ ಮೊದಲು ಹೇಳಿ, ಆಮೇಲೆ ನೀವೇ ಕಂಡಿದ್ದನ್ನು ಹೇಳಿ. ಬಸ್ ಎಷ್ಟು ಹೊತ್ತು ಹಿಡಿಯುತ್ತದೆ, ನಡೆದು ಹೋಗುವ ದಾರಿಯಲ್ಲಿ ಫುಟ್‌ಪಾತ್ ಇದೆಯಾ, ದಾಟಬೇಕಾದ ರಸ್ತೆ ಎಷ್ಟು ದೊಡ್ಡದು, ಎಲಿಮೆಂಟರಿಯಲ್ಲಿ ಒಮ್ಮೆ ಶಾಲೆ ಬದಲಾದ ಮಗುವಿಗೆ ಮಿಡ್ಲ್‌ನಲ್ಲಿ ಮತ್ತೆ ಬದಲಾಗುತ್ತಾ. ನಿಮ್ಮ ಬೀದಿ ಬೇಡ ಅಂದರೆ ಬದಲಿಗೆ ಏನು ಮಾಡಬಹುದು ಅನ್ನೋದನ್ನೂ ಹೇಳಿ, ಸೀಟಿನ ಲೆಕ್ಕ ಕೂಡಿಸಿ ತೋರಿಸಿ. ಅಂಥ ಸಲಹೆಯನ್ನು ಬೋರ್ಡ್ ಸದಸ್ಯರು ಬರೆದುಕೊಳ್ಳುತ್ತಾರೆ.

ಸೂಪರಿಂಟೆಂಡೆಂಟ್ ಯೋಜನೆ ಹೊರಬರುವ ತನಕ ಕಾಯಬೇಡಿ. ಅದಕ್ಕೂ ಮೊದಲು, ಮುಂದಿನ ವರ್ಷಗಳಲ್ಲಿ ಯಾವ ಶಾಲೆಗೆ ಎಷ್ಟು ಮಕ್ಕಳು ಬರಬಹುದು ಅನ್ನುವ ಅಂದಾಜಿನ ವರದಿ ಬರುತ್ತದೆ. ಯಾವ ಶಾಲೆ 110 ದಾಟುತ್ತದೆ ಅಂತ ಅದರಲ್ಲೇ ಕಾಣುತ್ತದೆ. ನಿಮ್ಮ ಶಾಲೆಯೋ ಪಕ್ಕದ ಶಾಲೆಯೋ ಆ ಪಟ್ಟಿಯಲ್ಲಿದ್ದರೆ ಆಗಲೇ ಪಿಟಿಎ (ಪೋಷಕರ ಮತ್ತು ಶಿಕ್ಷಕರ ಸಂಘ) ಸಭೆಗೆ ಹೋಗಿ, ಅಕ್ಕಪಕ್ಕದ ಅಪಾರ್ಟ್‌ಮೆಂಟಿನವರನ್ನೂ ಕರೆಯಿರಿ.